ಟೊರಾಂಟೊ, ಮಾಂಟ್ರಿಯಲ್, ವ್ಯಾಂಕೂವರ್: ರೆಫ್ಯೂಜಿ ಕ್ಲೇಮ್‌ಗೆ ಯಾವ ಊರು?

ಕೆನಡಾದಲ್ಲಿ ರಕ್ಷಣೆ ಕೇಳಬೇಕು ಅಂತ ತೀರ್ಮಾನಿಸಿದವರು ಮೊದಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಯಾವ ಊರಲ್ಲಿ ಅರ್ಜಿ ಹಾಕಿದರೆ ಒಳ್ಳೆಯದು? ಉತ್ತರ ಕೊಡುವವರಿಗೇನೂ ಬರ ಇಲ್ಲ. ಒಬ್ಬರು ಟೊರಾಂಟೊ ಅನ್ನುತ್ತಾರೆ, ಅಲ್ಲಿ ನಮ್ಮ ಕಡೆಯವರು ಜಾಸ್ತಿ. ಇನ್ನೊಬ್ಬರು ಮಾಂಟ್ರಿಯಲ್ ಅನ್ನುತ್ತಾರೆ, ಅಲ್ಲಿ ಬಾಡಿಗೆ ಕಡಿಮೆ. ಏಜೆಂಟ್ ಆದರೆ ದನಿ ತಗ್ಗಿಸಿ, "ಒಂದು ಊರಿದೆ, ಅಲ್ಲಿ ಬೇಗ ಆಗುತ್ತೆ" ಅಂತಾನೆ. ಆ ಊರಿನ ಹೆಸರು ಹೇಳೋದಕ್ಕೂ ದುಡ್ಡು ಕೇಳುತ್ತಾನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಲ್ಲಿ ಜಾಸ್ತಿ ಜನಕ್ಕೆ ಒಪ್ಪಿಗೆ ಸಿಕ್ಕಿದೆ ಅಂತ ನೋಡಿ ಊರು ಆರಿಸಬೇಡಿ. ಒಳ್ಳೆಯ ವಕೀಲರು ಎಲ್ಲಿ ಸಿಗುತ್ತಾರೆ, ಮೊದಲ ಕೆಲವು ತಿಂಗಳು ಎಲ್ಲಿ ಮಲಗಬಹುದು, ಪತ್ರ ಬಂದರೆ ಎಲ್ಲಿ ಖಂಡಿತ ಕೈಗೆ ಸಿಗುತ್ತೆ ಅಂತ ನೋಡಿ ಆರಿಸಿ. ಯಾಕೆ ಅಂತ ತಿಳಿಯೋಕೆ ಈ ಅರ್ಜಿ ಒಳಗೊಳಗೆ ಹೇಗೆ ಸಾಗುತ್ತೆ ಅಂತ ಸ್ವಲ್ಪ ನೋಡಬೇಕು.

ಕಾನೂನು ಎಲ್ಲ ಊರಿಗೂ ಒಂದೇ

ನಿರಾಶ್ರಿತರ ಅರ್ಜಿ ಕೆನಡಾದಲ್ಲಿ ಕೇಂದ್ರ ಸರ್ಕಾರದ ವಿಷಯ. 2002ರಲ್ಲಿ ಜಾರಿಗೆ ಬಂದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆ ಇಡೀ ದೇಶಕ್ಕೆ ಅನ್ವಯಿಸುತ್ತೆ. ಅದರ 96ನೇ ಸೆಕ್ಷನ್ 1951ರ ವಿಶ್ವಸಂಸ್ಥೆಯ ಒಪ್ಪಂದದ ಮಾತನ್ನೇ ಹೇಳುತ್ತದೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ಕಿರುಕುಳ ಆಗುತ್ತೆ ಅನ್ನೋ ಭಯಕ್ಕೆ ಆಧಾರ ಇರಬೇಕು. 97ನೇ ಸೆಕ್ಷನ್ ಜೀವಕ್ಕೇ ಅಪಾಯ ಇರುವವರಿಗೆ, ಚಿತ್ರಹಿಂಸೆಗೆ ಗುರಿಯಾಗಬಹುದಾದವರಿಗೆ. ಊರಲ್ಲಿ ಕೆಲಸ ಸಿಗಲಿಲ್ಲ, ಸಾಲ ಜಾಸ್ತಿ ಆಯ್ತು, ಸ್ಟೂಡೆಂಟ್ ವೀಸಾ ಮುಗಿಯಿತು ಅನ್ನೋದೆಲ್ಲ ಕಷ್ಟ ನಿಜ. ಆದರೆ ಅಷ್ಟಕ್ಕೇ ಈ ಎರಡು ಸೆಕ್ಷನ್‌ಗಳ ಕೆಳಗೆ ರಕ್ಷಣೆ ಸಿಗಲ್ಲ, ಯಾವ ಊರಲ್ಲೂ ಸಿಗಲ್ಲ.

ಅರ್ಜಿ ಹಾಕೋಕೆ ಎರಡು ದಾರಿ. ವಿಮಾನ ನಿಲ್ದಾಣದಲ್ಲೋ ಗಡಿಯಲ್ಲೋ ಇಳಿದ ತಕ್ಷಣ ಗಡಿ ಸೇವೆಯ ಅಧಿಕಾರಿಗೆ ಹೇಳಬಹುದು. ಇಲ್ಲ, ದೇಶದೊಳಗೆ ಬಂದ ಮೇಲೆ ವಲಸೆ ಇಲಾಖೆಯ ಪೋರ್ಟಲ್‌ನಲ್ಲಿ ಆನ್‌ಲೈನ್ ಅರ್ಜಿ ತುಂಬಬಹುದು. ಎರಡರಲ್ಲೂ ಈ ಅಧಿಕಾರಿಗಳು ನೋಡುವುದು ಒಂದೇ: ಈ ಅರ್ಜಿಯನ್ನು ಮುಂದಕ್ಕೆ ಕಳಿಸಬಹುದೋ ಇಲ್ಲವೋ. ಕಳಿಸಬಹುದು ಅಂದರೆ ಫೈಲು ವಲಸೆ ಮತ್ತು ನಿರಾಶ್ರಿತರ ಮಂಡಳಿಗೆ ಹೋಗುತ್ತದೆ. ಎಲ್ಲರೂ ಐಆರ್‌ಬಿ ಅಂತಾರೆ. ಇದು ಇಲಾಖೆಯಿಂದ ಬೇರೆಯಾದ, ಸ್ವತಂತ್ರ ನ್ಯಾಯಮಂಡಳಿ. ಇಲ್ಲಿ ತೀರ್ಪು ಕೊಡುವವರನ್ನು ಮೆಂಬರ್ ಅಂತ ಕರೆಯುತ್ತಾರೆ.

ಈ ಮಂಡಳಿ ಹುಟ್ಟಿದ್ದರ ಹಿಂದೆ ಭಾರತದಿಂದ ಹೋದವರದ್ದೂ ಒಂದು ಪಾಲಿದೆ. 1985ರ ಏಪ್ರಿಲ್ 4ರಂದು ಕೆನಡಾದ ಸುಪ್ರೀಂ ಕೋರ್ಟ್ 'ಸಿಂಗ್' ಪ್ರಕರಣದ ತೀರ್ಪು ಕೊಟ್ಟಿತು. ಅರ್ಜಿದಾರರಲ್ಲಿ ಭಾರತದ ಸಿಖ್ಖರೂ ಇದ್ದರು. ಅವರ ಅರ್ಜಿಗಳು ಕಾಗದದ ಮೇಲೆಯೇ ತಿರಸ್ಕಾರ ಆಗಿದ್ದವು. ತೀರ್ಪು ಕೊಡುವವರ ಎದುರು ಬಾಯಿಬಿಟ್ಟು ಹೇಳಿಕೊಳ್ಳುವ ಅವಕಾಶವೇ ಸಿಕ್ಕಿರಲಿಲ್ಲ. ಮಾತನ್ನು ನಂಬಬೇಕೋ ಬೇಡವೋ ಅನ್ನೋದೇ ಪ್ರಶ್ನೆ ಆಗಿರುವಾಗ ಎದುರು ಕೂರಿಸಿ ಕೇಳಲೇಬೇಕು ಅಂತ ಕೋರ್ಟ್ ಹೇಳಿತು. ಅದಾದ ಮೇಲೆ ಹಳೆಯ ವ್ಯವಸ್ಥೆ ಬದಲಾಗಿ 1989ರಲ್ಲಿ ಐಆರ್‌ಬಿ ಶುರುವಾಯಿತು. ಇವತ್ತು ಹಿಯರಿಂಗ್, ಅಂದರೆ ಎದುರು ಕೂರಿಸಿ ಕೇಳುವ ವಿಚಾರಣೆ, ಹಕ್ಕಾಗಿ ನಿಂತಿರೋದು ಈ ತೀರ್ಪಿನ ಬಲದಿಂದ.

ಮಂಡಳಿಯ ನಿರಾಶ್ರಿತರ ವಿಭಾಗದ ಕೆಲಸ ಮೂರು ವಲಯಗಳಲ್ಲಿ ಹಂಚಿದೆ. ಪಶ್ಚಿಮಕ್ಕೆ ವ್ಯಾಂಕೂವರ್, ಮಧ್ಯಕ್ಕೆ ಟೊರಾಂಟೊ, ಪೂರ್ವಕ್ಕೆ ಮಾಂಟ್ರಿಯಲ್ ಮುಖ್ಯ ಕಚೇರಿ. ನಿಮ್ಮ ವಿಳಾಸ ಎಲ್ಲಿದೆಯೋ ಆ ಕಡೆಯ ಕಚೇರಿಗೆ ಫೈಲು ಸೇರುತ್ತದೆ. ಊರು ಆರಿಸೋದು ಅಂದರೆ ಇಷ್ಟೇ.

ಎಲ್ಲ ದೇಶದಲ್ಲೂ ಆಯ್ಕೆ ಇರಲ್ಲ

ಇಷ್ಟಾದರೂ ಆಯ್ಕೆ ಇದೆಯಲ್ಲ ಅನ್ನೋದೇ ದೊಡ್ಡದು. ಜರ್ಮನಿಯಲ್ಲಿ ಅರ್ಜಿದಾರರನ್ನು ರಾಜ್ಯಗಳಿಗೆ ಒಂದು ಸೂತ್ರದ ಪ್ರಕಾರ ಹಂಚುತ್ತಾರೆ. ರಾಜ್ಯದ ತೆರಿಗೆ ಆದಾಯಕ್ಕೆ ಮೂರರಲ್ಲಿ ಎರಡು ಪಾಲು, ಜನಸಂಖ್ಯೆಗೆ ಒಂದು ಪಾಲು ತೂಕ. ಬರ್ಲಿನ್‌ನಲ್ಲೇ ಇರುತ್ತೇನೆ ಅಂತ ಹಟ ಹಿಡಿದರೆ ನಡೆಯಲ್ಲ. ಬ್ರಿಟನ್‌ನಲ್ಲಿ 1999ರ ಕಾಯ್ದೆಯಿಂದ ಈಚೆಗೆ, ಸರ್ಕಾರದ ವಸತಿ ಬೇಕು ಅಂದವರು ಕಳಿಸಿದ ಊರಿಗೆ ಹೋಗಬೇಕು. ಅಮೆರಿಕದಲ್ಲಿ ಬೇಕಾದ ಕಡೆ ಇರಬಹುದು. ಆದರೆ ಅಲ್ಲಿ ಊರು ಬದಲಾದರೆ ಕಚೇರಿ, ಕೋರ್ಟು ಮಾತ್ರ ಅಲ್ಲ, ಮೇಲ್ಮನವಿ ಕೋರ್ಟಿನ ಹಿಂದಿನ ತೀರ್ಪುಗಳೂ ಬದಲಾಗುತ್ತವೆ. ಒಂದೇ ಕಾನೂನನ್ನು ಒಂದು ಕಡೆ ಸಡಿಲವಾಗಿ, ಇನ್ನೊಂದು ಕಡೆ ಬಿಗಿಯಾಗಿ ಓದುವುದುಂಟು. ಹಾಗಾಗಿ ಅಮೆರಿಕದ ಯೂಟ್ಯೂಬ್ ಸಲಹೆಯನ್ನು ಕೆನಡಾಕ್ಕೆ ತಂದು ಹಚ್ಚಬೇಡಿ.

ಕೆನಡಾದಲ್ಲೂ ಆಯ್ಕೆ ಯಾವಾಗಲೂ ನಿಮ್ಮದೇ ಆಗಿರಲ್ಲ. 2022ರಲ್ಲಿ, ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದ ರಾಕ್ಸ್‌ಹ್ಯಾಮ್ ರಸ್ತೆ ಅನ್ನೋ ಕಾಲುದಾರಿಯಂಥ ಜಾಗದಿಂದ ಸುಮಾರು 39 ಸಾವಿರ ಜನ ಗಡಿ ದಾಟಿ ಬಂದರು. ಮಾಂಟ್ರಿಯಲ್‌ನಲ್ಲಿ ಜಾಗ ಸಾಲಲಿಲ್ಲ. ಕೇಂದ್ರ ಸರ್ಕಾರ ಬಸ್ಸುಗಳಲ್ಲಿ ಕೂರಿಸಿ, ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ನಯಾಗರಾ ಫಾಲ್ಸ್, ವಿಂಡ್ಸರ್, ಕಾರ್ನ್‌ವಾಲ್ ಹೋಟೆಲುಗಳಿಗೆ ಕಳಿಸಿತು. 2023ರ ಮಾರ್ಚ್ 25ರಂದು ಆ ದಾರಿಯೇ ಮುಚ್ಚಿತು. ಅಮೆರಿಕದ ಜೊತೆಗಿನ 'ಸುರಕ್ಷಿತ ಮೂರನೇ ದೇಶ' ಒಪ್ಪಂದ 2004ರಿಂದ ಇತ್ತು. ಅಮೆರಿಕದ ನೆಲದಿಂದ ಬಂದರೆ, ಅಲ್ಲೇ ಕೇಳಿ ಅಂತ ವಾಪಸ್ ಕಳಿಸುವ ಒಪ್ಪಂದ ಅದು. ಮೊದಲು ಅಧಿಕೃತ ಗಡಿಠಾಣೆಗಳಿಗೆ ಮಾತ್ರ ಅನ್ವಯವಾಗುತ್ತಿತ್ತು. ಈಗ ಇಡೀ ಭೂಗಡಿಗೆ ಅನ್ವಯ. ಕದ್ದು ದಾಟಿ 14 ದಿನದೊಳಗೆ ಅರ್ಜಿ ಹಾಕಿದರೂ ವಾಪಸ್. ಕೆನಡಾದಲ್ಲಿ ಕಾನೂನುಬದ್ಧವಾಗಿ ಇರುವ ಹತ್ತಿರದ ಸಂಬಂಧಿ ಇದ್ದರೆ ವಿನಾಯಿತಿ ಸಿಗಬಹುದು. ಈ ಪಟ್ಟಿಯಲ್ಲಿ ಅಪ್ಪ ಅಮ್ಮ, ಅಣ್ಣ ತಂಗಿ ಮಾತ್ರ ಅಲ್ಲ, ಚಿಕ್ಕಪ್ಪ, ಸೋದರಮಾವ, ಅತ್ತೆ, ಅಣ್ಣನ ಮಕ್ಕಳೂ ಬರುತ್ತಾರೆ.

ಇನ್ನೊಂದು ತಡೆ 2019ರಿಂದ ಇದೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಮೊದಲೇ ಇಂಥ ಅರ್ಜಿ ಹಾಕಿದ್ದರೆ ಫೈಲು ಐಆರ್‌ಬಿಗೆ ಹೋಗಲ್ಲ. 2025ರ ಜೂನ್‌ನಲ್ಲಿ ಸರ್ಕಾರ ಮತ್ತೊಂದು ಮಸೂದೆ ಮುಂದಿಟ್ಟಿತು. ಕೆನಡಾಕ್ಕೆ ಬಂದು ಒಂದು ವರ್ಷ ಕಳೆದ ಮೇಲೆ ಹಾಕುವ ಅರ್ಜಿಯನ್ನೂ ಮಂಡಳಿಗೆ ಕಳಿಸಬಾರದು ಅನ್ನೋದು ಅದರ ಪ್ರಸ್ತಾಪವಾಗಿತ್ತು. ಈ ನಿಯಮಗಳ ಮುಂದೆ ಊರಿನ ಪ್ರಶ್ನೆ ತೀರಾ ಸಣ್ಣದು. ನಿಮ್ಮ ಅರ್ಜಿಯ ದಿನ ಯಾವುದು ಜಾರಿಯಲ್ಲಿದೆ ಅಂತ ಮೊದಲು ವಕೀಲರಿಂದ ತಿಳಿದುಕೊಳ್ಳಿ, ಆಮೇಲೆ ಬಸ್ ಟಿಕೆಟ್ ತಗೊಳ್ಳಿ.

ಶೇಕಡಾವಾರು ನೋಡಿ ಮೋಸ ಹೋಗಬೇಡಿ

ಅಂಕಿ ಅಂಶಕ್ಕೆ ಬರೋಣ. ಎಲ್ಲ ಗೊಂದಲ ಹುಟ್ಟೋದು ಇಲ್ಲಿಂದಲೇ.

ಅಮೆರಿಕದಲ್ಲಿ 2007ರಲ್ಲಿ ಮೂವರು ಕಾನೂನು ಪ್ರಾಧ್ಯಾಪಕರ ಅಧ್ಯಯನವೊಂದು ಹೊರಬಂತು. ಮಯಾಮಿಯ ವಲಸೆ ಕೋರ್ಟಿನಲ್ಲಿ ಕೊಲಂಬಿಯಾದ ಅರ್ಜಿದಾರರ ಗತಿ ಏನಾಗಿದೆ ಅಂತ ಅವರು ನೋಡಿದರು. ಒಬ್ಬ ನ್ಯಾಯಾಧೀಶರ ಎದುರು ಶೇಕಡ 5ರಷ್ಟು ಜನಕ್ಕೆ ಆಶ್ರಯ ಸಿಕ್ಕಿತ್ತು. ಅದೇ ಕೋರ್ಟಿನ ಇನ್ನೊಬ್ಬರ ಎದುರು ಶೇಕಡ 88 ಜನಕ್ಕೆ. ಊರು ಒಂದೇ, ದೇಶ ಒಂದೇ. ಬದಲಾಗಿದ್ದು ಎದುರು ಕೂತವರು ಮಾತ್ರ. ಕೆನಡಾದಲ್ಲೂ ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಶಾನ್ ರೆಹಾಗ್ ಮಾಹಿತಿ ಹಕ್ಕಿನ ಮೂಲಕ ಮೆಂಬರ್‌ಗಳ ತೀರ್ಪಿನ ಅಂಕಿ ತೆಗೆಸಿ ವರ್ಷವರ್ಷ ಪ್ರಕಟಿಸುತ್ತ ಬಂದಿದ್ದಾರೆ. ಅಲ್ಲೂ ಕಣ್ಣಿಗೆ ಬೀಳೋದು ಇದೇ: ಒಬ್ಬ ಮೆಂಬರ್‌ಗೂ ಇನ್ನೊಬ್ಬ ಮೆಂಬರ್‌ಗೂ ದೊಡ್ಡ ಅಂತರ. ಯಾವ ಮೆಂಬರ್ ಸಿಗುತ್ತಾರೆ ಅನ್ನೋದನ್ನು ನೀವು ಆರಿಸೋಕೆ ಆಗಲ್ಲ.

ಊರುಗಳ ನಡುವೆ ಅಂತರ ಕಂಡರೂ ಅದನ್ನು ಹಾಗೇ ನಂಬಬಾರದು. ಒಂದು ಕಚೇರಿಗೆ ಯಾವ ದೇಶದವರು ಜಾಸ್ತಿ ಬರುತ್ತಾರೆ ಅನ್ನೋದರ ಮೇಲೆ ಅದರ ಸರಾಸರಿ ಏರುತ್ತೆ, ಇಳಿಯುತ್ತೆ. ಅಫ್ಘಾನಿಸ್ತಾನದ ಮಹಿಳೆಯರ ಅರ್ಜಿ ಜಾಸ್ತಿ ಇರುವ ಕಡೆ ಸರಾಸರಿ ಮೇಲಿರುತ್ತೆ. ಅದನ್ನು ನೋಡಿ ಪಂಜಾಬಿನವರೊಬ್ಬರು ಅಲ್ಲಿಗೆ ಹೋದರೆ ಅವರ ಪ್ರಕರಣ ಗಟ್ಟಿಯಾಗಲ್ಲ. ಕೆಲವು ದೇಶಗಳ, ಕೆಲವು ಬಗೆಯ ಅರ್ಜಿಗಳನ್ನು ಮಂಡಳಿ ಹಿಯರಿಂಗ್ ಇಲ್ಲದೆ ಕಾಗದ ನೋಡಿಯೇ ಒಪ್ಪಿಬಿಡುವುದೂ ಉಂಟು. ಅವೂ ಸರಾಸರಿಯೊಳಗೆ ಸೇರಿಕೊಂಡರೆ ಅಂಕಿಯ ಅರ್ಥವೇ ಬೇರೆ ಆಗುತ್ತೆ.

ಕೋವಿಡ್ ಬಂದ ಮೇಲೆ ಇನ್ನೂ ಒಂದು ಬದಲಾವಣೆ ಆಗಿದೆ. ಈಗ ಹಿಯರಿಂಗ್ ಹೆಚ್ಚಾಗಿ ವಿಡಿಯೊ ಕಾಲ್‌ನಲ್ಲೇ ನಡೆಯುತ್ತೆ. ನೀವು ನಿಮ್ಮ ಕೋಣೆಯಲ್ಲಿ, ವಕೀಲರು ಅವರ ಕಚೇರಿಯಲ್ಲಿ, ದುಭಾಷಿ ಮತ್ತೆಲ್ಲೋ. ಮೆಂಬರ್ ಬೇರೆ ವಲಯದವರೇ ಆಗಿರಬಹುದು. ಎದುರಾಎದುರೇ ಕೂರಬೇಕು ಅಂತ ಕೇಳಿಕೊಳ್ಳುವ ಅವಕಾಶ ಇದೆ. ಆದರೆ "ಆ ಊರಿನ ಮೆಂಬರ್‌ಗಳು ಒಳ್ಳೆಯವರು" ಅನ್ನೋ ಲೆಕ್ಕಾಚಾರ ಈಗ ಅರ್ಧ ಹಳಸಿದೆ. ಬೇಗ ಮುಗಿಯುವ ಊರು ಅನ್ನೋದೂ ಹಾಗೇ. 2024ರ ಕೊನೆಗೆ ಬಾಕಿ ಇದ್ದ ಅರ್ಜಿಗಳು 2.7 ಲಕ್ಷದ ಆಸುಪಾಸು. ಕಾಯೋದು ಎಲ್ಲ ಕಡೆಯೂ ಇದೆ.

ವಕೀಲರು ಎಲ್ಲಿ, ಊರು ಅಲ್ಲಿ

ಅರ್ಜಿಯ ಹೃದಯ ಅಂದರೆ ಬಿಓಸಿ ಫಾರ್ಮ್. ನಿಮ್ಮ ಕ್ಲೇಮ್‌ಗೆ ಆಧಾರ ಏನು ಅಂತ ಹೇಳುವ ಫಾರ್ಮ್ ಅದು. ಹೆಸರು, ವಿಳಾಸ, ಕುಟುಂಬದವರ ವಿವರ ತುಂಬಿದ ಮೇಲೆ ಮುಖ್ಯ ಪ್ರಶ್ನೆಗಳು ಬರುತ್ತವೆ. ನಿಮಗೆ ಯಾರಿಂದ ತೊಂದರೆ ಆಯಿತು? ಯಾಕೆ? ವಾಪಸ್ ಹೋದರೆ ಏನಾಗುತ್ತೆ? ಪೊಲೀಸರ ಹತ್ತಿರ ಹೋದಿರಾ? ಹೋಗದಿದ್ದರೆ ಯಾಕೆ ಹೋಗಲಿಲ್ಲ? ದೇಶದೊಳಗೇ ಬೇರೆ ಕಡೆ ಹೋಗಿ ಇರೋಕೆ ನೋಡಿದಿರಾ? ಯಾವಾಗ ಹೊರಟಿರಿ, ಯಾಕೆ ಅದೇ ಹೊತ್ತಿಗೆ ಹೊರಟಿರಿ?

ಮುಂದೆ ಹಿಯರಿಂಗ್‌ನಲ್ಲಿ ಮೆಂಬರ್ ಕೈಯಲ್ಲಿ ಇದೇ ಕಾಗದ ಇರುತ್ತೆ. ಗಡಿಯಲ್ಲಿ ಅಧಿಕಾರಿ ಬರೆದುಕೊಂಡ ಟಿಪ್ಪಣಿಯೂ ಇರುತ್ತೆ. ನೀವು ಬಾಯಲ್ಲಿ ಹೇಳುವ ಮಾತನ್ನು ಈ ಎರಡರ ಜೊತೆ ತಾಳೆ ನೋಡುತ್ತಾರೆ. ಬಿಓಸಿಯಲ್ಲಿ ಬರೆಯದ ಒಂದು ದೊಡ್ಡ ಘಟನೆ, ಉದಾಹರಣೆಗೆ ಮನೆಗೆ ನುಗ್ಗಿ ಹೊಡೆದದ್ದು, ಹಿಯರಿಂಗ್ ದಿನ ಮೊದಲ ಸಲ ಬಾಯಿಗೆ ಬಂದರೆ "ಇಷ್ಟು ದಿನ ಯಾಕೆ ಹೇಳಲಿಲ್ಲ?" ಅನ್ನೋ ಪ್ರಶ್ನೆ ಖಂಡಿತ. ತಪ್ಪಿದ್ದರೆ ಮೊದಲೇ ತಿದ್ದಿ ಕಳಿಸೋಕೆ ಅವಕಾಶ ಇದೆ. ಅದನ್ನು ಹೇಳಿಕೊಡೋಕೆ, ಕೂತು ನಿಮ್ಮ ಕಥೆ ಕೇಳೋಕೆ, ತಾರೀಖು ತಾರೀಖು ಜೋಡಿಸೋಕೆ ಒಬ್ಬರು ಬೇಕು. ಇಲ್ಲಿ ಊರಿನ ಆಯ್ಕೆ ನಿಜವಾಗಿ ಲೆಕ್ಕಕ್ಕೆ ಬರುತ್ತೆ.

ಯಾಕೆಂದರೆ ಲೀಗಲ್ ಏಡ್ ಪ್ರಾಂತ್ಯಗಳ ಕೈಯಲ್ಲಿದೆ. ದುಡ್ಡಿಲ್ಲದವರಿಗೆ ಸರ್ಕಾರದ ಖರ್ಚಲ್ಲಿ ವಕೀಲರನ್ನು ಕೊಡುವ ಈ ವ್ಯವಸ್ಥೆ ನಿರಾಶ್ರಿತರ ಅರ್ಜಿಗೆ ಒಂಟಾರಿಯೊ, ಕ್ವಿಬೆಕ್, ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ, ಮ್ಯಾನಿಟೋಬದಂಥ ಕಡೆ ಇದೆ. ಎಲ್ಲ ಪ್ರಾಂತ್ಯದಲ್ಲೂ ಒಂದೇ ಥರ ಇಲ್ಲ. ವಕೀಲರಿಗೆ ಕೊಡುವ ಫೀಸೂ ಬೇರೆ ಬೇರೆ, ಹಾಗಾಗಿ ಲೀಗಲ್ ಏಡ್ ಫೈಲು ಒಪ್ಪಿಕೊಳ್ಳುವ ವಕೀಲರ ಸಂಖ್ಯೆಯೂ ಬೇರೆ ಬೇರೆ. ಇರುವುದೂ ಗ್ಯಾರಂಟಿ ಅಲ್ಲ. 2019ರಲ್ಲಿ ಒಂಟಾರಿಯೊ ಸರ್ಕಾರ ಲೀಗಲ್ ಏಡ್ ಬಜೆಟ್ಟನ್ನು ಸುಮಾರು ಶೇಕಡ 30ರಷ್ಟು ಕತ್ತರಿಸಿತು. ನಿರಾಶ್ರಿತರ ಫೈಲುಗಳಿಗೆ ಮೊದಲ ಏಟು ಬಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಒಂಟಾರಿಯೊಗೆ 2.57 ಕೋಟಿ ಡಾಲರ್ ಕೊಟ್ಟ ಮೇಲೆ ಸ್ವಲ್ಪ ಉಸಿರಾಡುವಂತಾಯಿತು.

ಆದ್ದರಿಂದ ಊರು ನಿರ್ಧರಿಸೋ ಮೊದಲು ಆ ಪ್ರಾಂತ್ಯದ ಲೀಗಲ್ ಏಡ್ ಕಚೇರಿಗೆ ಫೋನ್ ಮಾಡಿ. ನಿರಾಶ್ರಿತರ ಅರ್ಜಿಗೆ ಸಹಾಯ ಇದೆಯಾ, ಬಿಓಸಿ ಬರೆಯೋಕೂ ಸಿಗುತ್ತಾ ಹಿಯರಿಂಗ್‌ಗೆ ಮಾತ್ರವಾ, ಫೈಲು ತಗೊಳ್ಳುವ ವಕೀಲರ ಪಟ್ಟಿ ಸಿಗುತ್ತಾ ಅಂತ ಕೇಳಿ. ವಕೀಲರು ಸಿಕ್ಕಿದರೆ ಅವರು ವಲಸೆ ಕೆಲಸದಲ್ಲಿ ನಿರಾಶ್ರಿತರ ಪ್ರಕರಣ ಎಷ್ಟು ಮಾಡುತ್ತಾರೆ ಅಂತಲೂ ಕೇಳಿ. ಸ್ಟಡಿ ಪರ್ಮಿಟ್, ಪಿಆರ್ (ಕಾಯಂ ವಾಸದ ಅನುಮತಿ) ಫೈಲು ಮಾಡುವವರೆಲ್ಲ ಹಿಯರಿಂಗ್ ಮಾಡುವವರಲ್ಲ. ವಕೀಲರಲ್ಲದ ವಲಸೆ ಸಲಹೆಗಾರ, ಅಂದರೆ ಕನ್ಸಲ್ಟೆಂಟ್ ಆದರೆ ಐಆರ್‌ಬಿ ಎದುರು ನಿಲ್ಲೋಕೆ ಅವರಿಗೆ ಬೇರೆಯೇ ದರ್ಜೆಯ ಲೈಸೆನ್ಸ್ ಬೇಕು. ಅವರಿಗೆ ಲೈಸೆನ್ಸ್ ಕೊಡುವ ಸಂಸ್ಥೆಯ (ಅದನ್ನು 'ಕಾಲೇಜ್' ಅಂತಾರೆ) ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ನೋಡಬಹುದು. ಎರಡು ನಿಮಿಷದ ಕೆಲಸ.

ಲೈಸೆನ್ಸ್ ಇಲ್ಲದ ಏಜೆಂಟರು ಇನ್ನೂ ಒಂದು ಸೇವೆ ಮಾರುತ್ತಾರೆ: ಸಿದ್ಧ ಕಥೆ. ಒಂದೇ ಅಚ್ಚಿನ ಕಥೆಯನ್ನು ಹತ್ತು ಜನಕ್ಕೆ ಕೊಟ್ಟರೆ ಆ ಹತ್ತೂ ಒಂದೇ ಮಂಡಳಿಯ ಮುಂದೆ ಬಂದು ಕೂರುತ್ತವೆ ಅಂತ ಅವರಿಗೂ ಗೊತ್ತು. ಅಷ್ಟು ಹೊತ್ತಿಗೆ ದುಡ್ಡು ಅವರ ಜೇಬಲ್ಲಿರುತ್ತೆ. ಒಮ್ಮೆ ತಿರಸ್ಕಾರವಾದರೆ ಕೆನಡಾದಲ್ಲಿ ಎರಡನೇ ಸಲ ಕ್ಲೇಮ್ ಹಾಕೋಕೆ ಆಗಲ್ಲ. ನಿಜವಾದ ಭಯ ಇದ್ದವರೂ ಸುಳ್ಳು ಕಥೆ ಸೇರಿಸಿ ಇರೋ ಒಂದೇ ಅವಕಾಶ ಕಳಕೊಳ್ಳುತ್ತಾರೆ. ಇದು ನೋಡಿದರೆ ಹೊಟ್ಟೆ ಉರಿಯುತ್ತೆ.

ಭಾಷೆಯ ಬಗ್ಗೆ ಎರಡು ಮಾತು. ದುಭಾಷಿಯನ್ನು ಮಂಡಳಿಯೇ ಕೊಡುತ್ತೆ, ನಿಮಗೆ ಖರ್ಚಿಲ್ಲ, ಯಾವ ಊರಾದರೂ ಸರಿ. ಫಾರ್ಮ್‌ನಲ್ಲಿ ಭಾಷೆ ಕೇಳಿದಾಗ ಕನ್ನಡದಲ್ಲಿ ಹೇಳೋದು ಸಲೀಸು ಅನ್ನಿಸಿದರೆ ಕನ್ನಡ ಅಂತಲೇ ಬರೆಯಿರಿ. ಸುಲಭವಾಗಿ ಸಿಗಲಿ ಅಂತ ಹಿಂದಿ ಬರೆದು, ಹಿಯರಿಂಗ್‌ನಲ್ಲಿ ಹೊಡೆತ ತಿಂದ ರಾತ್ರಿಯನ್ನು ಅರ್ಧಂಬರ್ಧ ಹಿಂದಿಯಲ್ಲಿ ವಿವರಿಸೋದು ಬೇಡ. ಭಾಷೆ ಬದಲಿಸಬೇಕು ಅಂದರೆ ಹಿಯರಿಂಗ್‌ಗೆ 10 ದಿನ ಮೊದಲೇ ತಿಳಿಸಬೇಕು. ದಾಖಲೆಗಳ ವಿಷಯ ಬೇರೆ. ಕನ್ನಡದಲ್ಲಿರುವ ಎಫ್ಐಆರ್, ಆಸ್ಪತ್ರೆ ಚೀಟಿ, ಪಂಚಾಯಿತಿ ಪತ್ರವನ್ನು ಇಂಗ್ಲಿಷಿಗೋ ಫ್ರೆಂಚಿಗೋ ಅನುವಾದ ಮಾಡಿಸಿ, ಅನುವಾದಕರ ಹೇಳಿಕೆ ಲಗತ್ತಿಸಿ ನೀವೇ ಕೊಡಬೇಕು.

ತಲೆ ಮೇಲೊಂದು ಸೂರು

ಟೊರಾಂಟೊದಲ್ಲಿ ವಕೀಲರು ಹೆಚ್ಚು, ಸಂಘ ಸಂಸ್ಥೆಗಳು ಹೆಚ್ಚು. ಎಫ್‌ಸಿಜೆ ರೆಫ್ಯೂಜಿ ಸೆಂಟರ್, ರೊಮೆರೊ ಹೌಸ್‌ನಂಥವು ಎಷ್ಟೋ ವರ್ಷದಿಂದ ಇದೇ ಕೆಲಸ ಮಾಡುತ್ತಿವೆ. ಆದರೆ ಜಾಗ ಇಲ್ಲ. 2023ರ ಬೇಸಿಗೆಯಲ್ಲಿ ನಗರದ ಶೆಲ್ಟರ್‌ಗಳು ತುಂಬಿಹೋಗಿ, ಪೀಟರ್ ಸ್ಟ್ರೀಟ್‌ನ ಶೆಲ್ಟರ್ ನೋಂದಣಿ ಕೇಂದ್ರದ ಹೊರಗೆ ಪುಟ್‌ಪಾತ್ ಮೇಲೆ ಆಶ್ರಯ ಕೇಳಿ ಬಂದವರು ಮಲಗಿದರು. ನಗರಾಡಳಿತ ಕೇಂದ್ರ ಸರ್ಕಾರದ ಕಡೆ ಕೈ ತೋರಿಸಿತು, ಕೇಂದ್ರ ಸರ್ಕಾರ ನಗರಾಡಳಿತದ ಕಡೆ. ಕಡೆಗೆ ಚರ್ಚುಗಳು ಬಾಗಿಲು ತೆರೆದವು. ಜುಲೈನಲ್ಲಿ ಕೇಂದ್ರ ಸುಮಾರು 9.7 ಕೋಟಿ ಡಾಲರ್ ಟೊರಾಂಟೊಗೆ ಕೊಡುವುದಾಗಿ ಹೇಳಿತು. ನೆಂಟರೋ ಸ್ನೇಹಿತರೋ ಇದ್ದು ಒಂದೆರಡು ತಿಂಗಳು ಅವರ ಮನೆಯಲ್ಲಿ ಇರಬಹುದು ಅಂದರೆ ಟೊರಾಂಟೊ ಸರಿ. ಯಾರೂ ಇಲ್ಲದೆ ಇಳಿದರೆ ಮೊದಲ ವಾರವೇ ಬಹಳ ಕಷ್ಟ.

ಮಾಂಟ್ರಿಯಲ್‌ನಲ್ಲಿ ಪ್ರೈಡಾ ಅನ್ನೋ ಸರ್ಕಾರಿ ಕಾರ್ಯಕ್ರಮ ಇದೆ. ಹೊಸದಾಗಿ ಬಂದ ಅರ್ಜಿದಾರರಿಗೆ ತಾತ್ಕಾಲಿಕ ವಸತಿ, ಆರಂಭದ ದಾರಿ ತೋರಿಸೋದು ಅದರ ಕೆಲಸ. ಫ್ರೆಂಚ್ ಬರಲ್ಲ, ಹಿಯರಿಂಗ್ ಹೇಗೆ ಅಂತ ಕೆಲವರು ಮಾಂಟ್ರಿಯಲ್ ಬಿಟ್ಟುಬಿಡುತ್ತಾರೆ. ಇದು ಸುಮ್ನೆ ಭಯ. ಐಆರ್‌ಬಿ ಕೇಂದ್ರದ ಸಂಸ್ಥೆ, ಅಲ್ಲೂ ಇಂಗ್ಲಿಷ್ ಕಲಾಪ ಆರಿಸಿಕೊಳ್ಳಬಹುದು. ಫ್ರೆಂಚ್ ಬೇಕಾಗೋದು ಹೊರಗೆ: ಕೆಲಸ, ಶಾಲೆ, ಪ್ರಾಂತ್ಯದ ಕಚೇರಿ. 2022ರ ಭಾಷಾ ಕಾನೂನಿನ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಹೊಸಬರು ಬಂದು ಆರು ತಿಂಗಳಾದ ಮೇಲೆ ಕ್ವಿಬೆಕ್ ಸರ್ಕಾರ ಅವರ ಜೊತೆ ಫ್ರೆಂಚಲ್ಲೇ ವ್ಯವಹರಿಸಬೇಕು. ಮಕ್ಕಳು ಕಲಿಯುತ್ತಾರೆ. ನಲವತ್ತು ದಾಟಿದವರು ಯೋಚನೆ ಮಾಡಿ.

ಬಾಡಿಗೆ ಮಾತ್ರ ನೋಡಿ ಮಾಂಟ್ರಿಯಲ್ ಆರಿಸುವವರಿಗೆ ಯಾರೂ ಹೇಳದ ಸಂಗತಿ ಒಂದಿದೆ. ಹಿಯರಿಂಗ್‌ನಲ್ಲಿ ಗೆದ್ದ ಮೇಲೆ ಪಿಆರ್‌ಗೆ ಅರ್ಜಿ ಹಾಕಬೇಕಲ್ವಾ? ವರ್ಷಕ್ಕೆ ಎಷ್ಟು ಜನಕ್ಕೆ ಪಿಆರ್ ಅನ್ನೋದರಲ್ಲಿ ಕ್ವಿಬೆಕ್‌ಗೆ ತನ್ನದೇ ಮಿತಿ ಇದೆ. ವಲಸೆ ಇಲಾಖೆ ಕಾಯುವ ಅವಧಿಯನ್ನು ಪ್ರಕಟಿಸುವಾಗಲೂ ಕ್ವಿಬೆಕ್ ಒಳಗೆ ಇಷ್ಟು, ಹೊರಗೆ ಇಷ್ಟು ಅಂತ ಬೇರೆ ಬೇರೆ ತೋರಿಸುತ್ತದೆ. ಒಳಗಿನದು ಉದ್ದ. ಹೆಂಡತಿ ಮಕ್ಕಳು ಊರಲ್ಲೇ ಉಳಿದಿದ್ದರೆ, ಅವರನ್ನು ಕರೆಸಿಕೊಳ್ಳೋದು ಈ ಪಿಆರ್ ಅರ್ಜಿಯ ಜೊತೆಗೇ ಸಾಗುವ ಕೆಲಸ. ಕಡಿಮೆ ಬಾಡಿಗೆಯ ಲಾಭವನ್ನು ಈ ವರ್ಷಗಳ ಎದುರು ಇಟ್ಟು ತೂಗಿ ನೋಡಬೇಕು.

ವ್ಯಾಂಕೂವರ್ ದುಬಾರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿನ ಕಿನ್‌ಬ್ರೇಸ್ ಅನ್ನೋ ಸಣ್ಣ ಸಂಸ್ಥೆ ಶುರುಮಾಡಿದ 'ರೆಡಿ ಟೂರ್' ನನಗೆ ಬಹಳ ಹಿಡಿಸುತ್ತೆ. ಹಿಯರಿಂಗ್‌ಗೆ ಮೊದಲೇ ಅರ್ಜಿದಾರರಿಗೆ ಆ ಕೋಣೆಯ ಪರಿಚಯ ಮಾಡಿಸುತ್ತಾರೆ. ಮೆಂಬರ್ ಎಲ್ಲಿ ಕೂರುತ್ತಾರೆ, ದುಭಾಷಿ ಎಲ್ಲಿ, ನೀವು ಎಲ್ಲಿ, ಪ್ರಶ್ನೆ ಅರ್ಥ ಆಗದಿದ್ದರೆ ಏನು ಹೇಳಬೇಕು, ಅಳು ಬಂದರೆ ಬ್ರೇಕ್ ಕೇಳಬಹುದಾ. ಕೇಳಬಹುದು. ಸರ್ಕಾರಿ ಕೋಣೆ ಕಂಡರೆ ಪೊಲೀಸ್ ಠಾಣೆ ನೆನಪಾಗುವವರಿಗೆ ಇದರ ಬೆಲೆ ಗೊತ್ತು. ಇಂಥ ತರಬೇತಿ ಈಗ ಬೇರೆ ಊರುಗಳಲ್ಲೂ ಇದೆ.

ವಿನಿಪೆಗ್, ಕ್ಯಾಲ್ಗರಿಯಂಥ ಊರುಗಳನ್ನು ಜನ ಪಟ್ಟಿಗೇ ಸೇರಿಸಲ್ಲ. ಬಾಡಿಗೆ ಹಗುರ, ಲೀಗಲ್ ಏಡ್ ಇದೆ, ಹಿಯರಿಂಗ್ ವಿಡಿಯೊದಲ್ಲೇ ಆಗೋದರಿಂದ ಓಡಾಟವೂ ಇಲ್ಲ. ಚಳಿ ಮಾತ್ರ ತಮಾಷೆ ಅಲ್ಲ. ಇನ್ನೂ ಸಣ್ಣ ಊರಿಗೆ ಹೋದರೆ ವಕೀಲರೂ ಇರಲ್ಲ, ದಾರಿ ಹೇಳುವವರೂ ಇರಲ್ಲ. ಯಾರೋ ಕರೆದರು ಅಂತ ಹಣ್ಣಿನ ತೋಟದ ಕೆಲಸಕ್ಕೆ ಹೋಗಿ ಕೂತು ಬಿಓಸಿ ಗಡುವು ತಪ್ಪಿಸಿಕೊಳ್ಳಬೇಡಿ. ವರ್ಕ್ ಪರ್ಮಿಟ್, ಕೇಂದ್ರದ ಆರೋಗ್ಯ ಯೋಜನೆ ಇವು ಊರಿಗೆ ಅಂಟಿಕೊಂಡಿಲ್ಲ, ದೇಶದಲ್ಲಿ ಎಲ್ಲಿದ್ದರೂ ನಡೆಯುತ್ತವೆ.

ಮಧ್ಯದಲ್ಲಿ ಊರು ಬದಲಿಸಿದರೆ

ಬದಲಿಸಬಹುದು. ತೊಂದರೆ ಆಗೋದು ಹೇಳದೆ ಬದಲಿಸಿದಾಗ. ವಿಳಾಸ ಬದಲಾದ ಕೂಡಲೇ ಐಆರ್‌ಬಿಗೂ ತಿಳಿಸಬೇಕು, ವಲಸೆ ಇಲಾಖೆಗೂ, ಗಡಿ ಸೇವೆಗೂ ಬೇರೆಬೇರೆಯಾಗಿ ತಿಳಿಸಬೇಕು. ಒಂದಕ್ಕೆ ಹೇಳಿದರೆ ಇನ್ನೊಂದಕ್ಕೆ ತಾನೇ ಗೊತ್ತಾಗುತ್ತೆ ಅಂದುಕೊಂಡು ಕೆಟ್ಟವರು ಬಹಳ. ಹಿಯರಿಂಗ್ ಬೇರೆ ಊರಲ್ಲಿ ಆಗಬೇಕು ಅಂದರೆ ಅದಕ್ಕೆ ಪ್ರತ್ಯೇಕ ಅರ್ಜಿ, ನಿಗದಿ ದಿನಕ್ಕಿಂತ 20 ದಿನ ಮೊದಲು ಸೇರಬೇಕು. ಒಪ್ಪಿಗೆ ಬರುವ ತನಕ ಹಳೆಯ ದಿನ, ಹಳೆಯ ಜಾಗವೇ ಗಟ್ಟಿ.

ಪತ್ರ ಹಳೆ ಮನೆಗೆ ಹೋಗಿ, ನೀವು ಹಿಯರಿಂಗ್‌ಗೆ ಬರದೇ ಹೋದರೆ ಮಂಡಳಿ ಇನ್ನೊಂದು ವಿಶೇಷ ಹಿಯರಿಂಗ್ ಇಡುತ್ತೆ. ಐದು ಕೆಲಸದ ದಿನದೊಳಗೆ. ಯಾಕೆ ಬರಲಿಲ್ಲ ಅಂತ ಅಲ್ಲಿ ಸರಿಯಾದ ಕಾರಣ ಕೊಡಬೇಕು. ಕೊಡದಿದ್ದರೆ ಅರ್ಜಿ ಕೈಬಿಟ್ಟಿದ್ದೀರಿ ಅಂತ ಘೋಷಿಸುತ್ತಾರೆ. ಆಮೇಲೆ ಹೊಸ ಕ್ಲೇಮ್ ಇಲ್ಲ. ಬಾಡಿಗೆ ಕೋಣೆಗಳ ನಡುವೆ ಅಲೆಯುತ್ತಿರುವವರು ನಂಬಿಕಸ್ಥರ ಒಂದು ಕಾಯಂ ವಿಳಾಸವನ್ನು ಪತ್ರಕ್ಕೆ ಕೊಡುವುದು ಲೇಸು.

ಮೆಂಬರ್ ಕೇಳುವ ಊರು ಬೇರೆ

ಇಷ್ಟು ಹೊತ್ತು ಕೆನಡಾದ ಊರುಗಳ ಮಾತಾಯಿತು. ಹಿಯರಿಂಗ್ ಕೋಣೆಯಲ್ಲಿ ಟೊರಾಂಟೊನಾ ಮಾಂಟ್ರಿಯಲ್ಲಾ ಅನ್ನೋ ಮಾತೇ ಬರಲ್ಲ. ಅಲ್ಲಿ ಬರುವ ಊರುಗಳು ದೆಹಲಿ, ಮುಂಬೈ, ಬೆಂಗಳೂರು.

2024ರಲ್ಲಿ ಕೆನಡಾದಲ್ಲಿ ಕ್ಲೇಮ್ ಹಾಕಿದವರಲ್ಲಿ ಭಾರತೀಯರು ಮುಂಚೂಣಿಯಲ್ಲಿದ್ದರು. ಅವರ ಅರ್ಜಿಗಳು ಬೀಳುವ ದೊಡ್ಡ ಕಾರಣಗಳಲ್ಲಿ ಒಂದು ಇದು: ನಿಮ್ಮ ಊರಲ್ಲಿ ಅಪಾಯ ಇದ್ದರೆ ನಿಮ್ಮದೇ ದೇಶದ ಬೇರೆ ಊರಲ್ಲಿ ಸುರಕ್ಷಿತವಾಗಿ ಇರಬಹುದಿತ್ತಲ್ಲ? ಈ ಪರೀಕ್ಷೆಗೆ ರೂಪ ಕೊಟ್ಟ ಪ್ರಕರಣಗಳು ಶ್ರೀಲಂಕಾದ ತಮಿಳರದ್ದು. ಆಗ ಪ್ರಶ್ನೆಯಲ್ಲಿ ಇದ್ದ ಊರು ಕೊಲಂಬೊ. 1990ರ ದಶಕದ ಆರಂಭದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಎರಡು ಮೆಟ್ಟಿಲು ಹಾಕಿಕೊಟ್ಟಿತು. ಬೇರೆ ಊರಿದೆ ಅಂತ ಅರ್ಜಿ ತಳ್ಳಿಹಾಕಬೇಕಾದರೆ, ಮೊದಲನೆಯದು, ಆ ಇನ್ನೊಂದು ಊರಲ್ಲಿ ನಿಮಗೆ ಕಿರುಕುಳದ ಗಂಭೀರ ಸಾಧ್ಯತೆ ಇರಬಾರದು. ಎರಡನೆಯದು, ನಿಮ್ಮ ಪರಿಸ್ಥಿತಿಯಲ್ಲಿ ಅಲ್ಲಿ ಹೋಗಿ ಇರಿ ಅನ್ನೋದು ಅನ್ಯಾಯ ಅನ್ನಿಸಬಾರದು. ಈ ಎರಡನೆಯದರಲ್ಲಿ ಅರ್ಜಿದಾರರು ಗೆಲ್ಲೋದು ಕಷ್ಟ. ಅಲ್ಲಿ ನೆಂಟರಿಲ್ಲ, ಹವೆ ಒಗ್ಗಲ್ಲ, ತಕ್ಕ ಕೆಲಸ ಸಿಗಲ್ಲ ಅಂದರೆ ಸಾಲದು ಅಂತ ಕೋರ್ಟ್ ಹೇಳಿದೆ. ಗುಹೆಯಲ್ಲೋ ಕಾಡಲ್ಲೋ ಅವಿತುಕೊಂಡು ಇರಿ ಅಂತಲೂ ಹೇಳುವಂತಿಲ್ಲ ಅಂತ ಅದೇ ಕೋರ್ಟ್ ಹೇಳಿದೆ. 2020ರಲ್ಲಿ ಫೆಡರಲ್ ಕೋರ್ಟ್ ಇನ್ನೂ ಒಂದು ಹೆಜ್ಜೆ ಹೋಯಿತು. ಎಲ್ಲಿದ್ದೀರಿ ಅನ್ನೋದನ್ನು ಮನೆಯವರೇ ಮುಚ್ಚಿಡಬೇಕಾದ ಸ್ಥಿತಿ ಇದ್ದರೆ ಅದೂ ಅವಿತುಕೊಂಡು ಬದುಕಿದ ಹಾಗೇ.

ಪಂಜಾಬಿನ ಪ್ರಕರಣಗಳಲ್ಲಿ ಈ ವಾದ ತೀರಾ ಸೂಕ್ಷ್ಮಕ್ಕೆ ಇಳಿಯುತ್ತೆ. ಬೆಂಗಳೂರಲ್ಲಿ ಬಾಡಿಗೆ ಮನೆ ಹಿಡಿದರೆ ಮಾಲೀಕರು ಪೊಲೀಸ್ ವೆರಿಫಿಕೇಶನ್‌ಗೆ ಕೊಡುತ್ತಾರಾ? ಆ ವಿವರ ಪಂಜಾಬ್ ಪೊಲೀಸರ ಕಂಪ್ಯೂಟರ್‌ಗೆ ತಲುಪುತ್ತಾ? ಆಧಾರ್ ಮೂಲಕ ಹುಡುಕಬಹುದಾ? ಹುಡುಕುವವರಿಗೆ ಅಷ್ಟು ದೂರ ಬರುವಷ್ಟು ಹಟ ಇದೆಯಾ, ಶಕ್ತಿ ಇದೆಯಾ? ನಿಮ್ಮನ್ನು ಬೆದರಿಸುತ್ತಿರೋದು ಊರಿನ ಒಬ್ಬ ಜಮೀನ್ದಾರ ಆದರೆ ಉತ್ತರ ಒಂದು. ಪೊಲೀಸರೇ ಆದರೆ, ದೇಶದ ತುಂಬ ಜಾಲ ಇರುವ ಗುಂಪಾದರೆ ಉತ್ತರ ಬೇರೆ. ಬಿಟ್ಟು ಬಂದ ಮೇಲೂ ಮನೆಗೆ ಬಂದು ವಿಚಾರಿಸಿದ್ದಾರಾ, ಯಾವಾಗ, ಯಾರು ಅನ್ನೋದು ಇಲ್ಲಿ ಬಹಳ ತೂಗುತ್ತೆ.

ಯಾವ ಊರಿನ ಬಗ್ಗೆ ಕೇಳುತ್ತೇವೆ ಅಂತ ಮಂಡಳಿ ನಿಮಗೆ ಹೆಸರು ಹೇಳಿ ತಿಳಿಸಬೇಕು, ಉತ್ತರ ಕೊಡೋಕೆ ಅವಕಾಶ ಕೊಡಬೇಕು. ಕೆಲವು ಸಲ ಹಿಯರಿಂಗ್ ಶುರುವಾದಾಗಲೇ ಹೆಸರು ಬರುತ್ತೆ. ಆದ್ದರಿಂದ ವಕೀಲರ ಜೊತೆ ಕೂತು, ಬರಬಹುದಾದ ಎರಡು ಮೂರು ಊರುಗಳಿಗೆ ಮೊದಲೇ ಉತ್ತರ ಸಿದ್ಧ ಮಾಡಿಕೊಳ್ಳಿ. ಭಾರತದ ಬಗ್ಗೆ ಮಂಡಳಿಯೇ ಇಟ್ಟಿರುವ ದಾಖಲೆಗಳ ಕಟ್ಟು ಐಆರ್‌ಬಿ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಓದಬಹುದು, ಬಾಡಿಗೆದಾರರ ವೆರಿಫಿಕೇಶನ್ ವಿಷಯವೂ ಅದರಲ್ಲಿದೆ. ನಿಮ್ಮ ಕಡೆಯ ಪುರಾವೆ, ಅಂದರೆ ಅಕ್ಕಪಕ್ಕದವರ ಪ್ರಮಾಣಪತ್ರ, ಬೆದರಿಕೆ ಮೆಸೇಜಿನ ಪ್ರತಿ, ಮನೆಗೆ ಬಂದು ಹೋದವರ ವಿವರ, ಅನುವಾದ ಸಮೇತ ಹಿಯರಿಂಗ್‌ಗೆ 10 ದಿನ ಮೊದಲು ಮಂಡಳಿಗೆ ತಲುಪಬೇಕು.